ಹನ್ನೆರಡನೇ ಕಂತು ದಾಟಿದ ಮೇಲೆ ಕೊರಿಯನ್ ರೋಮ್‌ಕಾಮ್ ಯಾಕೆ ಸೊರಗುತ್ತೆ? ಜಪಾನಿನದು ಯಾಕೆ ಅಷ್ಟು ಸೊರಗಲ್ಲ?

ಮಳೆಬಿಲ್ಲು:
ಕೊರಿಯನ್, ಜಪಾನಿ ಎರಡನ್ನೂ ನೋಡೋರಿಗೆ ಈ ಪ್ರಶ್ನೆ. ಹದಿನಾರು ಕಂತಿನ ಕೊರಿಯನ್ ರೋಮ್‌ಕಾಮ್ (ನಗು ಬೆರೆತ ಪ್ರೇಮಕಥೆಯ ಟಿವಿ ಸರಣಿ) ಶುರುವಲ್ಲಿ ಕೂತಲ್ಲಿಂದ ಏಳೋಕೆ ಬಿಡಲ್ಲ. ಎಂಟು, ಒಂಬತ್ತು, ಹತ್ತರವರೆಗೆ ಪ್ರತಿ ದೃಶ್ಯಕ್ಕೂ ಕೆಲಸ ಇರುತ್ತೆ. ಹನ್ನೆರಡು ದಾಟಿದ್ದೇ ತಡ, ಕಥೆ ಕಾಲೆಳೆಯೋಕೆ ಶುರು. ಪ್ರೀತಿ ಹೇಳಿಕೊಂಡಾಯ್ತು, ಮುತ್ತೂ ಆಯ್ತು. ಇನ್ನೇನು ಉಳೀತು? 'ನಿನ್ನ ಒಳ್ಳೇದಕ್ಕೇ ನಿನ್ನ ಬಿಟ್ಟು ಹೋಗ್ತಿದೀನಿ' ಅನ್ನೋ ತ್ಯಾಗ, ಹದಿನೈದರಲ್ಲಿ ವಿಮಾನ ನಿಲ್ದಾಣ, ಹದಿನಾರರಲ್ಲಿ 'ಒಂದು ವರ್ಷದ ನಂತರ'.

ನನ್ನ ಪ್ರಕಾರ ಇದು ಬರಹಗಾರರ ತಪ್ಪಿಗಿಂತ ಅಳತೆಯ ತಪ್ಪು. ಲೆಕ್ಕ ಹಾಕಿ: ಕೊರಿಯಾದ್ದು 16 ಕಂತು, ಒಂದೊಂದು ಸುಮಾರು 65 ನಿಮಿಷ, ಒಟ್ಟು 1,040 ನಿಮಿಷ, ಅಂದ್ರೆ ಹದಿನೇಳು ಗಂಟೆಗೂ ಮೇಲೆ. ಜಪಾನಿನದು 10 ಕಂತು, ಜಾಹೀರಾತು ತೆಗೆದರೆ ಒಂದೊಂದು ಸುಮಾರು 46 ನಿಮಿಷ, ಒಟ್ಟು 460. ಎಂಟು ಗಂಟೆಯೂ ಇಲ್ಲ. ಕಥೆಯ ಬಂಡವಾಳ ಎರಡರಲ್ಲೂ ಒಂದೇ: ಒಬ್ಬ ನಾಯಕ, ಒಬ್ಬಳು ನಾಯಕಿ, ಇನ್ನೊಬ್ಬ ಒಳ್ಳೆ ಹುಡುಗ, ಒಂದು ಗುಟ್ಟು. ಅಷ್ಟೇ ಬಂಡವಾಳವನ್ನ ಎರಡರಷ್ಟು ಹೊತ್ತು ಎಳೆದರೆ ಕೊನೆಗೆ ಬರಿಗೈ ಆಗದೆ ಇನ್ನೇನು?

ನಿಮ್ಮ ಅಭಿಪ್ರಾಯ ಹೇಳಿ. ಬರೀ 'ಸೂಪರ್', 'ಬೋರ್' ಬೇಡ, ಯಾವ ಸರಣಿ, ಎಲ್ಲಿ ಕೈಕೊಡ್ತು ಅಂತ ಬರೀರಿ.

ರೀಲುಸುತ್ತು:
ಅಳತೆ ಅಂದಿದ್ದು ಸರಿ. ಆದರೆ ಆ ಅಳತೆ ಎಲ್ಲಿಂದ ಬಂತು ಅನ್ನೋದನ್ನೂ ನೋಡಬೇಕು. ಕೊರಿಯಾದಲ್ಲಿ ವಾರಕ್ಕೆ ಎರಡು ಕಂತು: ಸೋಮ-ಮಂಗಳ, ಬುಧ-ಗುರು, ಶುಕ್ರ-ಶನಿ, ಶನಿ-ಭಾನು ಅಂತ ಜೋಡಿ ದಿನ. ಹದಿನಾರು ಕಂತು ಅಂದ್ರೆ ಎಂಟು ವಾರ. ಸರಣಿ ಗೆದ್ದರೆ ಚಾನೆಲ್‌ನವರು ಇನ್ನೊಂದು ಕಂತು ಸೇರಿಸೋದು ಹಳೇ ರೂಢಿ. 'ಕಾಫಿ ಪ್ರಿನ್ಸ್' (2007) 17ಕ್ಕೆ ಮುಗೀತು, 'ಮೈ ಲವ್ ಫ್ರಮ್ ದ ಸ್ಟಾರ್' 21ಕ್ಕೆ, 'ಬಾಯ್ಸ್ ಓವರ್ ಫ್ಲವರ್ಸ್' (2009) 25ಕ್ಕೆ. ಬೆಸ ಸಂಖ್ಯೆ ಕಂಡರೆ ಕೊನೇಲಿ ಹಿಗ್ಗಿಸಿದಾರೆ ಅಂತ ಅನುಮಾನ ಪಡಬಹುದು, ಯಾಕಂದ್ರೆ ವಾರಕ್ಕೆ ಎರಡರ ಲೆಕ್ಕಕ್ಕೆ ಅದು ಕೂರಲ್ಲ.

ಇನ್ನೊಂದು ಮುಖ್ಯ ಕಾರಣ ಚಿತ್ರೀಕರಣದ ಕ್ರಮ. ಮೊದಲ ಕೆಲವು ಕಂತು ಮಾತ್ರ ಮುಂಚೆ ತೆಗೆದಿಟ್ಟುಕೊಂಡು, ಉಳಿದದ್ದನ್ನ ಪ್ರಸಾರ ನಡೀತಿರುವಾಗಲೇ ತೆಗೀತಿದ್ರು. ಸ್ಕ್ರಿಪ್ಟ್ ಆಯಾ ವಾರ ಬರೋದು, ರಾತ್ರಿಯಿಡೀ ಚಿತ್ರೀಕರಣ. ಹನ್ನೆರಡನೇ ಕಂತಿನ ಹೊತ್ತಿಗೆ ಬರಹಗಾರರು, ನಟರು, ಸಂಕಲನಕಾರರು ಎಲ್ಲರೂ ಸುಸ್ತು. ನೆನಪಿನ ದೃಶ್ಯಗಳು ಹೆಚ್ಚಾಗೋದು ಆ ಕಂತುಗಳಲ್ಲೇ: ಹಳೇ ತುಣುಕಿಗೆ ಹಾಡು ಹಾಕಿಬಿಟ್ಟರೆ ನಾಲ್ಕು ನಿಮಿಷ ತುಂಬುತ್ತೆ. 2018ರಿಂದ ವಾರಕ್ಕೆ 52 ಗಂಟೆಯ ಕೆಲಸದ ಮಿತಿ ಹಂತಹಂತವಾಗಿ ಬಂತು, ಪೂರ್ತಿ ತೆಗೆದು ಮುಗಿಸಿ ಆಮೇಲೆ ಪ್ರಸಾರ ಮಾಡೋದೂ ಹೆಚ್ಚಾಯ್ತು. ಈಗ 12 ಕಂತಿನವು ಜಾಸ್ತಿ ಬರ್ತಿರೋದನ್ನೂ ಇದರ ಜೊತೆಗಿಟ್ಟು ನೋಡಿ.

ಧಾರವಾಡ ಪೇಡೆ:
ಅಲ್ರಿ, ಉದ್ದ ಅಂತ ಹೇಳಿ ಕೈ ತೊಳ್ಕೊಂಡ್ರ ಹೆಂಗ? 'ಬಿಸಿನೆಸ್ ಪ್ರಪೋಸಲ್' (2022) ಬರೇ 12 ಕಂತು. ಗೆಳತಿ ಬದಲಿಗೆ ಬ್ಲೈಂಡ್ ಡೇಟಿಗೆ ಹೋದಾಕಿ ಯಾರು ಅನ್ನೋ ಗುಟ್ಟು ಮೊದಲ ಮೂರನೇ ಒಂದು ಭಾಗದಾಗ ಒಡೀತೈತಿ, ಭಾಳ ಚಲೋ ಮಾಡ್ಯಾರ. ಆದ್ರ ಕಡೀಕ ಏನಾತು? ಅಜ್ಜಗ ಆರಾಮ ಇಲ್ಲ, ಮೊಮ್ಮಗ ಅಮೆರಿಕಾಕ್ಕ ಹೊಂಟ, ಒಂದು ವರ್ಷ ದಾಟಿತು. 12 ಕಂತಿನಾಗೂ ಅದೇ ರೋಗ!

ಮತ್ತ 'ಕ್ರಾಶ್ ಲ್ಯಾಂಡಿಂಗ್ ಆನ್ ಯು' (2019-20) ನೋಡ್ರಿ. 16 ಕಂತು, ಒಂದೊಂದು 70 ನಿಮಿಷಕ್ಕಿಂತ ಜಾಸ್ತಿ, ಕಡೀ ಕಂತು ಒಂದೂವರೆ ತಾಸು ದಾಟತೈತಿ. ಅಷ್ಟು ಉದ್ದ ಇದ್ರೂ ಕಡೀ ಕಂತಿಗೆ ಕೊರಿಯಾದಾಗ 21 ಪರ್ಸೆಂಟಿನ ಮ್ಯಾಲೆ ರೇಟಿಂಗ್ ಬಂತು, ಕೇಬಲ್ ಚಾನೆಲ್‌ಗೆ ಅದು ಸಣ್ಣ ಮಾತಲ್ಲ. ಯಾಕ? ಅಲ್ಲಿ ಅಡ್ಡಿ ಕಥಿ ಒಳಗ ಐತಿ. ಅಕಿ ದಕ್ಷಿಣ, ಅಂವ ಉತ್ತರ, ನಡುವ ಮುಳ್ಳುತಂತಿ. ಆ ಗಡಿ ಹದಿನಾರನೇ ಕಂತಿಗೂ ಹೋಗಂಗಿಲ್ಲ, ಪ್ರೀತಿ ಮಾಡಿದ್ರೂ ಹೋಗಂಗಿಲ್ಲ. ಅದಕ್ಕ ವರ್ಷಕ್ಕ ಎರಡು ವಾರ ಸ್ವಿಟ್ಜರ್ಲೆಂಡಿನಾಗ ಕೂಡೋದು ಅಂತ ಮುಗಿಸ್ಯಾರ. ಅಡ್ಡಿ ಖರೇ ಇದ್ರ ಉದ್ದ ತ್ರಾಸ ಕೊಡಂಗಿಲ್ರಿ.

ಶರಾವತಿ:
ಪೇಡೆ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅಡ್ಡಿ ಎಷ್ಟನೇ ಕಂತಿಗೆ ಕರಗುತ್ತೆ ಅನ್ನೋದೇ ಪ್ರಶ್ನೆ.

ಮಳೆಬಿಲ್ಲು:
ಕ್ರಾಶ್ ಲ್ಯಾಂಡಿಂಗ್ ಅಪವಾದ, ಅದನ್ನ ನಿಯಮ ಮಾಡೋಕೆ ಆಗಲ್ಲ. ಗಡಿಯಂಥ ಅಡ್ಡಿ ಎಲ್ಲ ಕಥೆಗೂ ಸಿಗುತ್ತಾ? ಆಫೀಸು, ಕಾಲೇಜು, ಬಾಡಿಗೆ ಮನೆಯ ಕಥೆಗಳಲ್ಲಿ ಅಡ್ಡಿ ಸಣ್ಣದೇ ಇರುತ್ತೆ. ಸಣ್ಣ ಅಡ್ಡಿಗೆ ಹತ್ತು ಕಂತೇ ಸರಿ. 'ವಾಟ್ಸ್ ರಾಂಗ್ ವಿತ್ ಸೆಕ್ರೆಟರಿ ಕಿಮ್' (2018) ತಗೊಳ್ಳಿ. ಬಾಲ್ಯದ ಅಪಹರಣದ ಗುಟ್ಟು ಬಿಡಿಸಿಕೊಂಡ ಮೇಲೆ ಉಳಿಯೋದು ಅಪ್ಪನ ಒಪ್ಪಿಗೆ, ಮದುವೆ ತಯಾರಿ, ಅಕ್ಕಪಕ್ಕದ ಜೋಡಿಗಳು. ನಟರಿಬ್ಬರೂ ಚೆನ್ನಾಗಿದಾರೆ ಅಂತ ನೋಡ್ತೀವಿ, ಕಥೆಗೋಸ್ಕರ ಅಲ್ಲ.

ಕುಡ್ಲದ ಗಾಳಿ:
ಒಂದೇ ಕಥೆ ಎರಡೂ ಕಡೆ ಆದದ್ದನ್ನು ಹೋಲಿಸಿ ನೋಡಿ ಮಾರಾಯ್ರೆ, ಆಗ ಅಳತೆಯೋ ಅಡ್ಡಿಯೋ ಅಂತ ಗೊತ್ತಾಗ್ತದೆ. ಕಾಮಿಯೊ ಯೋಕೊ ಬರೆದ ಮಂಗಾ (ಜಪಾನಿನ ಚಿತ್ರಕಥೆ ಪುಸ್ತಕ) 'ಹಾನಾ ಯೋರಿ ದಾಂಗೊ' ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಜಪಾನಿನ ಟಿಬಿಎಸ್ 2005ರಲ್ಲಿ 9 ಕಂತು ಮಾಡಿತು, 2007ರಲ್ಲಿ ಎರಡನೇ ಭಾಗ 11 ಕಂತು, 2008ರಲ್ಲಿ ಸಿನಿಮಾ ಮಾಡಿ ಮುಗಿಸಿತು. ಕೊರಿಯಾದ ಕೆಬಿಎಸ್ ಅದನ್ನೇ 2009ರಲ್ಲಿ 'ಬಾಯ್ಸ್ ಓವರ್ ಫ್ಲವರ್ಸ್' ಅಂತ ಒಂದೇ ಓಟದಲ್ಲಿ 25 ಕಂತು ಮಾಡಿತು.

ಜಪಾನಿನ ಮೊದಲ ಭಾಗದಲ್ಲಿ ಕೆಂಪು ಚೀಟಿ, ಶಾಲೆಯಿಡೀ ಮೈಮೇಲೆ ಬೀಳುವುದು, ನಾಯಕಿ ಮಾಕಿನೊ ತಿರುಗಿ ನಿಂತು ನಾಯಕ ದೊಮ್ಯೋಜಿಗೆ ಹೊಡೆಯುವುದು, ಎಲ್ಲ ಮೊದಲ ಕಂತಿನಲ್ಲೇ ಮುಗಿದು ಹೋಗ್ತದೆ. ನಾಯಕನ ತಾಯಿಯ ಪೂರ್ತಿ ವಿರೋಧವನ್ನು ಎರಡನೇ ಭಾಗಕ್ಕೆ ಇಟ್ಟುಕೊಂಡಿದ್ದಾರೆ. ಅಡ್ಡಿಯನ್ನು ಎರಡು ಪಾಲು ಮಾಡಿ ನಡುವೆ ಒಂದು ವರ್ಷ ಬಿಟ್ಟದ್ದು ಜಾಣತನ. ಕೊರಿಯಾದ್ದರಲ್ಲಿ ಅದೇ ತಾಯಿ, ಅದೇ ಬೆದರಿಕೆ, ಮನೆಯವರ ವ್ಯಾಪಾರ ಹಾಳು ಮಾಡುವುದು, ಇದೆಲ್ಲ ಸಾಲಾಗಿ ಬಂದು ಬಂದು ಕೊನೆಗೆ ನಾಯಕಿ ಪಾತ್ರದ ಕೂ ಹೇ-ಸನ್ ಅಳುವ ಮುಖ ಬಿಟ್ಟು ಬೇರೆ ಎಂತ ಸಾ ಕಾಣುವುದಿಲ್ಲ. ಈಜುಗಾರ್ತಿ ಅಂತ ಶುರು ಮಾಡಿದ ಹುಡುಗಿ ಈಜುವುದೇ ಮರೆತ ಹಾಗೆ ಆಗ್ತದೆ.

ಸಂಜೆಮಲ್ಲಿಗೆ:
ಆ ಕೊನೆಯಲ್ಲಿ ನೆನಪು ಹೋಗೋದು ಇದೆಯಲ್ಲ, ಅದನ್ನ ಕೊರಿಯಾದವರು ಬೇಕಂತಲೇ ತುರುಕಿದ್ದು. ಕೊರಿಯನ್ ಸರಣಿ ಅಂದ್ರೆ ಒಂದು ಅಪಘಾತ, ಒಂದು ಮರೆವು ಇರಲೇಬೇಕು.

ಕುಡ್ಲದ ಗಾಳಿ:
ಇಲ್ಲ ಇಲ್ಲ, ಅದು ಮೂಲ ಮಂಗಾದಲ್ಲೇ ಉಂಟು. ಜಪಾನಿನ ಎರಡನೇ ಭಾಗದಲ್ಲೂ ಉಂಟು. ನಾಯಕನಿಗೆ ಎಲ್ಲರೂ ನೆನಪಿದ್ದಾರೆ, ಅವಳೊಬ್ಬಳೇ ಮರೆತು ಹೋಗಿದ್ದಾಳೆ. ಕೊರಿಯಾದವರ ಮೇಲೆ ಹಾಕುವ ತಪ್ಪು ಬೇರೆ ಬೇಕಾದಷ್ಟು ಉಂಟು, ಇದೊಂದು ಬೇಡ.

ಸಂಜೆಮಲ್ಲಿಗೆ:
ಮೂಲದಲ್ಲಿದ್ದರೂ ಹದಿನೆಂಟು-ಇಪ್ಪತ್ತು ಕಂತು ಕಣ್ಣೀರು ಸುರಿಸಿದ ಮೇಲೆ ಅದನ್ನ ತರೋದು ಬೇರೆ, ಹನ್ನೊಂದು ಕಂತಿನ ಭಾಗದಲ್ಲಿ ತರೋದು ಬೇರೆ. ನೋಡೋರಿಗೆ ತಾಳ್ಮೆ ಅಂತ ಒಂದಿರುತ್ತೆ.

ತಂತಿವಾದ್ಯ:
ರೀಮೇಕ್ ಮಾತು ಬಂತಲ್ಲ, ಸಂಗೀತ ವಿದ್ಯಾರ್ಥಿಗಳ ಕಥೆ 'ನೊದಾಮೆ ಕಾಂಟಾಬಿಲೆ' ಬಿಟ್ಟು ಈ ಚರ್ಚೆ ಪೂರ್ತಿ ಆಗಲ್ಲ. ಜಪಾನಿನದು 2006ರ ಅಕ್ಟೋಬರಿನಿಂದ ಡಿಸೆಂಬರ್, ಫೂಜಿ ಟಿವಿಯ ಸೋಮವಾರ ರಾತ್ರಿ ಒಂಬತ್ತರ ಹೊತ್ತು, 11 ಕಂತು. ಉಎನೊ ಜೂರಿ, ತಮಾಕಿ ಹಿರೋಶಿ. ಕೊರಿಯಾದ್ದು 'ನೇಇಲ್ಸ್ ಕಾಂಟಾಬಿಲೆ', 2014, ಕೆಬಿಎಸ್2, 16 ಕಂತು, ಶಿಮ್ ಉನ್-ಕ್ಯುಂಗ್, ಜೂ ವನ್.

ಜಪಾನಿನವರು ಮಂಗಾದ ಆಟವನ್ನ ಹಾಗೇ ಇಟ್ಟುಕೊಂಡರು. ನಾಯಕ ಚಿಯಾಕಿ ಹೊಡೆದರೆ ನಾಯಕಿ ನೊದಾಮೆ ಗೊಂಬೆ ಥರ ಗಾಳಿಯಲ್ಲಿ ಹಾರಿಹೋಗ್ತಾಳೆ, ಕಣ್ಣು ಬೆಳ್ಳಗೆ ತಿರುಗುತ್ತೆ, ತಾಕೆನಾಕಾ ನಾವೊತೊ ವಿಗ್ ಹಾಕ್ಕೊಂಡು ವಾದ್ಯವೃಂದ ನಡೆಸೋ ಜರ್ಮನ್ ಕಂಡಕ್ಟರ್ ಆಗ್ತಾರೆ. ಇಷ್ಟೆಲ್ಲ ಹುಚ್ಚಾಟದ ಮಧ್ಯೆ ಸಂಗೀತ ಮಾತ್ರ ಗಂಭೀರ. ಬೀಥೋವನ್ನನ ಏಳನೇ ಸಿಂಫನಿ, ರಾಖ್ಮನಿನಾಫ್‌ನ ಎರಡನೇ ಪಿಯಾನೋ ಕಾನ್ಸರ್ಟೊ, ಬ್ರಾಮ್ಸ್‌ನ ಮೊದಲ ಸಿಂಫನಿ, ಒಂದೊಂದೂ ಕಥೆಯ ಒಂದೊಂದು ಮೆಟ್ಟಿಲು. ವಿದ್ಯಾರ್ಥಿ ವೃಂದ ಬೀಥೋವನ್ ನುಡಿಸುವಾಗ ಡಬಲ್ ಬೇಸ್‌ಗಳನ್ನ ಗಿರ್ರನೆ ತಿರುಗಿಸ್ತಾರಲ್ಲ, ಆ ದೃಶ್ಯದಲ್ಲಿ ನಗುವೂ ಬರುತ್ತೆ, ಮೈ ಜುಮ್ ಅಂತಲೂ ಅನ್ನುತ್ತೆ. ಪ್ರೀತಿ ಬಗ್ಗೆ ನೇರ ಮಾತು ಎಷ್ಟು ಕಮ್ಮಿ ಅಂದ್ರೆ, ಯಾರು ಯಾರ ಜೊತೆ ಯಾವಾಗ ನುಡಿಸಿದರು ಅನ್ನೋದರಲ್ಲೇ ನಾವು ಅದನ್ನ ಓದಿಕೊಳ್ಳಬೇಕು.

ಕೊರಿಯಾದವರು ಏನು ಮಾಡಿದರು? ಹದಿನಾರು ಕಂತು ತುಂಬೋಕೆ ಮೂಲದಲ್ಲಿ ಇಲ್ಲದ ಒಬ್ಬ ಚೆಲ್ಲೊ ವಾದಕನನ್ನ ತಂದರು, ಪಾರ್ಕ್ ಬೊ-ಗಮ್ ಮಾಡಿದ ಪಾತ್ರ. ಒಳ್ಳೇ ನಟ, ಒಳ್ಳೇ ಪಾತ್ರ. ಆದರೆ ಅವನು ಬಂದ ಮೇಲೆ ಕಥೆ ಸಂಗೀತದಿಂದ ತ್ರಿಕೋನಕ್ಕೆ ಜಾರಿಬಿಡ್ತು. ಶಿಮ್ ಉನ್-ಕ್ಯುಂಗ್ ಮೇಲೆ ಆಗ ಎಲ್ಲರೂ ಬಿದ್ದರು, ಆದರೆ ಅವರ ನಟನೆಯಲ್ಲಿ ಊನ ಇರಲಿಲ್ಲ. ಸುತ್ತಲಿನ ಲೋಕವನ್ನ ವಾಸ್ತವ ಮಾಡಿ, ಅವರೊಬ್ಬರನ್ನ ಮಾತ್ರ ಮಂಗಾದ ಹುಡುಗಿಯಾಗಿಯೇ ಬಿಟ್ಟರು. ಜಪಾನಿನದರಲ್ಲಿ ಎಲ್ಲರೂ ವಿಚಿತ್ರ, ಹಾಗಾಗಿ ನೊದಾಮೆಯೂ ಸಹಜ ಅನ್ನಿಸ್ತಾಳೆ.

ಮಳೆಬಿಲ್ಲು:
ನೋಡಿ, ತಂತಿವಾದ್ಯ ಅವರು ನನ್ನ ಮಾತನ್ನೇ ಹೇಳಿದರು. ಕಂತು ಹೆಚ್ಚಾಯ್ತು, ಅದಕ್ಕೆ ಮೂರನೆಯವನು ಬಂದ.

ಧಾರವಾಡ ಪೇಡೆ:
ಹಂಗಾರ 'ಇತಾಜುರಾನ ಕಿಸ್' ಅನ್ನೋ ಮಂಗಾದ ಬಗ್ಗೆ ಏನಂತೀರಿ? ಜಪಾನಿನದೇ 2013ರ 'ಲವ್ ಇನ್ ಟೋಕಿಯೊ' 16 ಕಂತು, ಕೊರಿಯಾದ 'ಪ್ಲೇಫುಲ್ ಕಿಸ್' (2010) ಸೈತ 16. ಅಳತಿ ಒಂದೇ! ಆದ್ರೂ ಜಪಾನಿಂದು ಎದ್ದು ನಿಂತೈತಿ. ಮದವಿ ಆದ ಮ್ಯಾಲಿನ ಕಥಿಗೂ ಮಂಗಾದಾಗ ಸಾಮಾನು ಇತ್ತು, ಎರಡನೇ ಭಾಗನೂ ಮಾಡಿದ್ರು. ಕೊರಿಯಾದಾಗ ರೇಟಿಂಗ್ ನೆಲ ಕಚ್ಚಿತು. ಅಳತಿ ಅಂತ ಹೇಳಿ ತಪ್ಪಿಸ್ಕೊಳ್ಳಾಕ ಬರಂಗಿಲ್ರಿ.

ರೀಲುಸುತ್ತು:
ಆ 'ಲವ್ ಇನ್ ಟೋಕಿಯೊ' ಫೂಜಿಯ ಮುಖ್ಯ ಚಾನೆಲ್‌ನಲ್ಲಿ ಬಂದಿದ್ದಲ್ಲ, ಫೂಜಿ ಟಿವಿ ಟೂ ಅನ್ನೋ ಬೇರೆ ಚಾನೆಲ್‌ನಲ್ಲಿ ಬಂದಿದ್ದು, ಹಾಗಾಗಿ ಹದಿನಾರು ಕಂತಿನ ಜಾಗ ಸಿಕ್ತು. ಮುಖ್ಯ ಚಾನೆಲ್‌ಗಳ ಕ್ರಮವೇ ಬೇರೆ. ವರ್ಷ ನಾಲ್ಕು ಪಾಲು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿಗೆ ಹೊಸ ಸರಣಿ ಶುರು. ಮೂರು ತಿಂಗಳು, ವಾರಕ್ಕೊಂದೇ ಕಂತು. ಮುಂದಿನ ಸರಣಿಯ ದಿನಾಂಕ ಮೊದಲೇ ನಿಗದಿ, ಹಾಗಾಗಿ ಎಷ್ಟೇ ಗೆದ್ದರೂ ಒಂದು ಕಂತು ಹೆಚ್ಚಿಗೆ ಸಿಗಲ್ಲ. ಮೊದಲ ಕಂತೋ ಕೊನೆಯದೋ ಹದಿನೈದು ನಿಮಿಷ ಹೆಚ್ಚು ಸಿಕ್ಕರೆ ಅದೇ ದೊಡ್ಡದು. ಬೇಡಿಕೆ ಇದ್ದರೆ ವಿಶೇಷ ಕಂತು, ಇಲ್ಲವೇ ಸಿನಿಮಾ.

ಕಾಗದದ ದೋಣಿ:
ಎಲ್ಲರೂ ಹಳೇ ಮಂಗಾಗಳಲ್ಲೇ ಸುತ್ತುತ್ತಿದೀರಿ. ಈ ಚರ್ಚೆಗೆ ತಕ್ಕ ಜೋಡಿ ಅಂದ್ರೆ ಜಪಾನಿನ 'ನಿಗೆಹಾಜಿ' (ಟಿಬಿಎಸ್, 2016, 11 ಕಂತು) ಮತ್ತು ಕೊರಿಯಾದ 'ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್' (ಟಿವಿಎನ್, 2017, 16 ಕಂತು). ಎರಡೂ ಒಪ್ಪಂದದ ಮದುವೆ. ಎರಡರಲ್ಲೂ ಓದಿಕೊಂಡ, ಕೆಲಸ ಕಳೆದುಕೊಂಡ ಹುಡುಗಿ, ಭಾವನೆ ತೋರಿಸೋಕೆ ಬಾರದ ಕಂಪ್ಯೂಟರ್ ಕೆಲಸದ ಗಂಡಸು. ಒಂದು ಇನ್ನೊಂದರ ರೀಮೇಕ್ ಅಲ್ಲ.

ನಿಗೆಹಾಜಿಯ ಶಕ್ತಿ ಇರೋದು ಲೆಕ್ಕದಲ್ಲಿ. ಮಿಕುರಿ ಹೆಂಡತಿ ಅಲ್ಲ, ಉದ್ಯೋಗಿ. ತಿಂಗಳಿಗೆ 1,94,000 ಯೆನ್ ಸಂಬಳ. ಮನೆವಾರ್ತೆಯ ಕೆಲಸಕ್ಕೆ ಗಂಟೆ ಲೆಕ್ಕ ಹಾಕಿ ಬಂದ ಮೊತ್ತ; ಬಾಡಿಗೆ, ಊಟದ ಖರ್ಚು ಇದರಿಂದ ಕಳೆಯೋದು. ಅಕ್ಕಪಕ್ಕದವರಿಗೆ ಅನುಮಾನ ಬಾರದಿರಲಿ, ಗಂಡಹೆಂಡತಿ ಥರ ಕಾಣಲಿ ಅಂತ ಮಂಗಳವಾರ ಮಂಗಳವಾರ ತಬ್ಬಿಕೊಳ್ಳೋ ದಿನ ಅಂತ ಗೊತ್ತು ಮಾಡ್ಕೋತಾರೆ. ಕಸ ಹಾಕೋ ದಿನವೂ ಅದೇ! ಆರನೇ ಕಂತಿನ ಕೊನೆಯಲ್ಲಿ ಬಿಸಿನೀರಿನ ಬುಗ್ಗೆಯ ಊರಿನಿಂದ ವಾಪಸ್ ಬರುವಾಗ, ರೈಲಿನ ಸೀಟಿನಲ್ಲಿ ಕೂತಲ್ಲೇ, ಇನ್ನೇನು ಇಳಿಯಬೇಕು ಅನ್ನೋ ಹೊತ್ತಿಗೆ ಹಿರಾಮಾಸಾ ಹಠಾತ್ತಾಗಿ ಮುತ್ತು ಕೊಡ್ತಾನೆ. ಕೊಟ್ಟವನೇ ಏನೂ ಆಗಿಲ್ಲ ಅನ್ನೋ ಥರ ಬ್ಯಾಗ್ ಎತ್ಕೊಂಡು ನಡೀತಾನೆ. ಏಳನೇ ಕಂತು ಪೂರ್ತಿ 'ಆ ಮುತ್ತಿನ ಅರ್ಥ ಏನು' ಅನ್ನೋದೊಂದೇ. ಖಳನಿಲ್ಲ, ಅಪಘಾತವಿಲ್ಲ, ಆದರೂ ಕೂತ ಜಾಗದಿಂದ ಅಲ್ಲಾಡೋಕೆ ಆಗಲ್ಲ.

ಹತ್ತನೇ ಕಂತಿಗೆ ಅವನು ನಿಜವಾದ ಮದುವೆಗೆ ಕೇಳ್ತಾನೆ. ನೋಂದಣಿ ಮಾಡಿಸಿಕೊಂಡರೆ ಸಂಬಳ ಉಳಿಯುತ್ತೆ, ಆ ದುಡ್ಡನ್ನ ಕೂಡಿಡಬಹುದು ಅಂತ ಕಾಗದದ ಮೇಲೆ ಲೆಕ್ಕ ತೋರಿಸ್ತಾನೆ. ಅವಳು ಕೇಳ್ತಾಳೆ: ಪ್ರೀತಿಸ್ತೀನಿ ಅಂದ ಮಾತ್ರಕ್ಕೆ ಇದೇ ಕೆಲಸ ಬಿಟ್ಟಿ ಮಾಡಬೇಕಾ? ಪ್ರೀತಿ ಒಪ್ಪಿಕೊಂಡ ಮೇಲೂ ಕಥೆಗೆ ಅಡ್ಡಿ ಉಳಿದಿದೆ ನೋಡಿ, ಅದೂ ಮೊದಲ ಕಂತಿನಲ್ಲಿ ಬಿತ್ತಿದ್ದೇ. ಟೋಕಿಯೊ ಸುತ್ತಲಿನ ಕಾಂಟೊ ಪ್ರದೇಶದ ರೇಟಿಂಗ್ ಮೊದಲ ಕಂತಿಗೆ 10.2 ಇದ್ದದ್ದು ಕೊನೆಗೆ 20.8ಕ್ಕೆ ಏರಿತು, ನಡುವೆ ಇಳೀಲೇ ಇಲ್ಲ. ಕೊನೆಯ ಕುಣಿತದ ಹಾಡಿನಿಂದ ಹಾಗಾಯ್ತು ಅನ್ನೋರಿದಾರೆ. ಒಪ್ಪೋಕೆ ನಾನು ತಯಾರಿಲ್ಲ.

ಶರಾವತಿ:
ಹಾಗಾದರೆ ಕೊರಿಯಾದ್ದು ಕಮ್ಮಿ ಅಂತಾನಾ? 'ಫಸ್ಟ್ ಲೈಫ್'ನಲ್ಲಿ ಮೂವರು ಗೆಳತಿಯರ ಮೂರು ಕಥೆ ಇದೆ. ಜಿ-ಹೋ ಮನೆಗಾಗಿ ಮದುವೆ ಆಗ್ತಾಳೆ, ಹೊ-ರಾಂಗ್‌ಗೆ ಮದುವೆಯೇ ಗುರಿ, ಸೂ-ಜಿಗೆ ಮದುವೆ ಅಂದ್ರೆ ಬೇಡ. ಕಚೇರಿಯಲ್ಲಿ ಸೂ-ಜಿ ನುಂಗಿಕೊಳ್ಳೋ ಮಾತುಗಳು, ಆಮೇಲೆ ಒಂದು ದಿನ ನುಂಗದೇ ಇರೋದು, ಇದಕ್ಕೆಲ್ಲ ಜಾಗ ಸಿಕ್ಕಿದ್ದು ಹದಿನಾರು ಕಂತು ಇದ್ದಿದ್ದಕ್ಕೇ. ನಿಗೆಹಾಜಿಯಲ್ಲಿ ಮಿಕುರಿಯ ದೊಡ್ಡಮ್ಮ ಯೂರಿಯ ಕಥೆ ಎಷ್ಟು ಚೆಂದ! ಐವತ್ತು ಮುಟ್ಟುತ್ತಿರೋ, ಆಫೀಸಿನಲ್ಲಿ ಮೇಲಿನ ಹುದ್ದೆಯ ಹೆಂಗಸು, ಅವಳಿಗಿಂತ ತುಂಬ ಚಿಕ್ಕವನಾದ ಹುಡುಗ. ಆದರೆ ಅದು ತೀರಾ ಅವಸರದಲ್ಲಿ ಮುಗಿದುಹೋಯ್ತು. ಇನ್ನೆರಡು ಕಂತು ಸಿಕ್ಕಿದ್ದರೆ ಅನ್ನಿಸಲ್ವಾ?

ಕಾಗದದ ದೋಣಿ:
ಯೂರಿಯ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ 'ಫಸ್ಟ್ ಲೈಫ್'ನ ಕೊನೆಯ ಎರಡು ಕಂತು? ಜಿ-ಹೋ ಮಾತಾಡಿ ಬಗೆಹರಿಸೋ ಹುಡುಗಿ, ಅವಳ ಗುಣವೇ ಅದು. ಅಂಥವಳು ಒಪ್ಪಂದ ಮುರಿದು, ಕಾರಣ ಬಿಡಿಸಿ ಹೇಳದೆ ಹೊರಟುಬಿಡ್ತಾಳೆ. ಅವಳು ಹೋಗಿದ್ದು ಹದಿನೈದನೇ ಕಂತು ಬಂತು ಅಂತ, ಬೇರೆ ಕಾರಣ ನನಗೆ ಕಾಣ್ತಿಲ್ಲ.

ಬಸವನಗುಡಿ:
ಅಗಲಿಕೆಯನ್ನೇ ದೂರೋದು ಬೇಡ. 'ಕಾಫಿ ಪ್ರಿನ್ಸ್'ನಲ್ಲಿ ಹುಡುಗ ಅಂತ ನಂಬಿಸಿ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಉನ್-ಚಾನ್ ಕೊನೆಯಲ್ಲಿ ಇಟಲಿಗೆ ಹೋಗ್ತಾಳೆ, ಬರಿಸ್ತಾ ಕೆಲಸ ಕಲಿಯೋಕೆ. ಮೊದಲಿಂದ ಮನೆ ನಡೆಸೋಕೆ ಸಿಕ್ಕ ಕೆಲಸ ಎಲ್ಲ ಮಾಡ್ತಿದ್ದವಳು ಮೊದಲ ಸಲ ತನಗೆ ಬೇಕಾದ್ದನ್ನ ಮಾಡ್ತಾಳೆ. ಅದಕ್ಕೆ ಆ ಅಗಲಿಕೆ ಚುಚ್ಚಲ್ಲ. ಇನ್ನೂ ಮುಖ್ಯ, ಆ ಸರಣಿಯ ದೊಡ್ಡ ಅಡ್ಡಿ ಹತ್ತನೇ ಕಂತಿನಲ್ಲಿ ತಿರುಗಿ ನಿಲ್ಲುತ್ತೆ. 'ನೀನು ಗಂಡಸಾದರೂ ಸರಿ' ಅಂತ ನಾಯಕ ಹಾನ್-ಗ್ಯುಲ್ ಹೇಳಿದ ಮೇಲೆ, ಅವನಿಗೆ ನಿಜ ಗೊತ್ತಾಗುವ ಹೊತ್ತು ನಮಗೆ ಹೆದರಿಕೆ ಹುಟ್ಟಿಸುತ್ತೆ. ಪ್ರೀತಿ ಹೇಳಿಕೊಂಡಿದ್ದೇ ಮುಂದಿನ ಸಮಸ್ಯೆ ಆಗುತ್ತೆ. ಅಂಥ ಹೆಣಿಗೆ ಇದ್ದರೆ ಹದಿನೇಳು ಕಂತೂ ಸಾಲಲ್ಲ.

2005ರ 'ಮೈ ಲವ್ಲಿ ಸ್ಯಾಮ್ ಸೂನ್' ಕೂಡ ಹಾಗೇ. ಐದು ಕೋಟಿ ವಾನ್ ಸಾಲಕ್ಕೆ ಬದಲಾಗಿ ಪ್ರೇಯಸಿಯ ನಾಟಕ. ಕೊನೆಗೂ ನಾಯಕನ ತಾಯಿ ಒಪ್ಪಲ್ಲ! ನಮ್ಸಾನ್ ಬೆಟ್ಟದ ಮೆಟ್ಟಿಲ ಮೇಲೆ ಜನ ನೋಡ್ತಿರುವಾಗ ಮುತ್ತಿಟ್ಟು ಮುಗಿದುಹೋಗುತ್ತೆ, ಮದುವೆ ಇಲ್ಲ. ಕೊನೆಯ ಕಂತಿಗೆ ದೇಶದಲ್ಲಿ ಟಿವಿ ರೇಟಿಂಗ್ 50 ಪರ್ಸೆಂಟ್ ದಾಟಿತ್ತು. ಎಲ್ಲ ಗಂಟೂ ಬಿಡಿಸಬೇಕು ಅನ್ನೋ ಹಟ ಆಗ ಇರಲಿಲ್ಲ.

ಹೊಸ ಚಂದಾದಾರ:
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಕೊರಿಯಾದ 'ಐ ಆಮ್ ನಾಟ್ ಎ ರೋಬೋಟ್' 16 ಕಂತು ಅಂತಾರೆ, ಪಟ್ಟಿಗಳಲ್ಲಿ 32 ಅಂತ ತೋರಿಸುತ್ತೆ. ಎರಡು ಭಾಗ ಇದೆಯಾ?

ರೀಲುಸುತ್ತು:
ಇಲ್ಲ, ಅದೇ ಹದಿನಾರು. ಕೊರಿಯಾದ ದೊಡ್ಡ ಮೂರು ಚಾನೆಲ್‌ಗಳಿಗೆ ಕಂತಿನ ನಡುವೆ ಜಾಹೀರಾತು ಹಾಕೋ ಅನುಮತಿ ಇರಲಿಲ್ಲ, ಕೇಬಲ್‌ನವರಿಗೆ ಇತ್ತು. ಹಾಗಾಗಿ 2017ರ ಸುಮಾರಿಗೆ ಒಂದು ಗಂಟೆಯ ಕಂತನ್ನ ಮೂವತ್ತೈದು ನಿಮಿಷದ ಎರಡು 'ಕಂತು' ಅಂತ ಒಡೆದು, ನಡುವೆ ಜಾಹೀರಾತು ಹಾಕಿದರು. ಪಕ್ಕಪಕ್ಕದ ಎರಡನ್ನ ಒಂದು ಅಂತ ಎಣಿಸಿ. 2021ರ ಜುಲೈನಲ್ಲಿ ನಿಯಮ ಸಡಿಲ ಆಯ್ತು, ಈಗ ಆ ತಂಟೆ ಇಲ್ಲ.

ಜಾಹೀರಾತಿಗೋಸ್ಕರ ಕಥೆಯೊಳಗೇ ಕಂಪನಿಗಳ ಸರಕು ತೋರಿಸೋದೂ ಇದಕ್ಕೇ ಸೇರಿದ್ದು. 2010ರಿಂದ ಕಾನೂನು ಒಪ್ಪಿಗೆ ಇದೆ; ಶುರುವಲ್ಲಿ ಮಿತಿ ಇದ್ದದ್ದು ಒಟ್ಟು ಅವಧಿಯ ನೂರಕ್ಕೆ ಐದರಷ್ಟು ಹೊತ್ತು, ಪರದೆಯ ಕಾಲು ಭಾಗದಷ್ಟು ಜಾಗ. ನಾಯಕಿ ಅಳ್ತಾ ಅಳ್ತಾ ಸ್ಯಾಂಡ್‌ವಿಚ್ ಅಂಗಡಿಗೇ ಯಾಕೆ ಹೋದಳು ಅಂತ ಗೊಂದಲ ಬೇಡ. ಕೊನೆಯ ಕಂತುಗಳಲ್ಲಿ ಇದು ಒಟ್ಟೊಟ್ಟಿಗೆ ಬರೋದು ಯಾಕಂದ್ರೆ ಗೆದ್ದ ಸರಣಿಗೆ ಪ್ರಾಯೋಜಕರು ತಡವಾಗಿ ಮುಗಿಬೀಳ್ತಾರೆ, ಚಿತ್ರೀಕರಣ ಇನ್ನೂ ನಡೀತಿದ್ದರೆ ಸೇರಿಸೋದೂ ಸುಲಭ.

ಅಕ್ಕಿರೊಟ್ಟಿ:
ತಿನ್ನೋ ಮಾತು ಬಂತು, ಇಲ್ಲೇ ಕೇಳಿಬಿಡ್ತೀನಿ. ತೊಕ್‌ಬೊಕ್ಕಿ (ಖಾರದ ಸಾರಿನಲ್ಲಿ ಬೇಯಿಸೋ ಕೊರಿಯಾದ ಅಕ್ಕಿ ಕಡುಬು) ಮನೇಲಿ ಮಾಡೋರು ಯಾರಾದ್ರೂ ಇದೀರಾ? ನಮ್ಮ ಅಕ್ಕಿಹಿಟ್ಟಲ್ಲಿ ಆಗುತ್ತಾ?

ಬಸವನಗುಡಿ:
ಆಗುತ್ತೆ. ನುಣ್ಣಗಿನ ಅಕ್ಕಿಹಿಟ್ಟು ಒಂದು ಕಪ್, ಕಾರ್ನ್‌ಫ್ಲೋರ್ ಒಂದು ಚಮಚ, ಉಪ್ಪು, ಕುದಿಯೋ ನೀರು ಮುಕ್ಕಾಲು ಕಪ್‌ನಷ್ಟು, ಸ್ವಲ್ಪಸ್ವಲ್ಪವಾಗಿ ಹಾಕಿ. ಕಡುಬಿಗೆ ಕಲಸೋ ಹಾಗೆ ಕಲಸಿ, ಉಂಡೆ ಮಾಡಿ ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಬೇಯಿಸಿ. ಎಲ್ಲರೂ ಕೆಡಿಸೋದು ಇದಾದ ಮೇಲೆ: ಬೆಂದ ಹಿಟ್ಟನ್ನ ಬಿಸಿ ಇರುವಾಗಲೇ, ಕೈಗೆ ಎಣ್ಣೆ ಸವರಿಕೊಂಡು, ಐದಾರು ನಿಮಿಷ ಚೆನ್ನಾಗಿ ನಾದಬೇಕು. ಆರಿದ ಮೇಲೆ ನಾದಿದರೆ ಸಾರಿನಲ್ಲಿ ಬಿರಿದು ಗಂಜಿ ಆಗುತ್ತೆ. ಬೆರಳು ದಪ್ಪ ಹೊಸೆದು ಕತ್ತರಿಸಿ.

ಅಲ್ಲಿನ ಮೆಣಸಿನಪುಡಿಗೆ ನಮ್ಮ ಬ್ಯಾಡಗಿ ಹತ್ತಿರ, ಬಣ್ಣ ಜಾಸ್ತಿ, ಖಾರ ಕಮ್ಮಿ. ಗುಂಟೂರು ಹಾಕಿದರೆ ಕೆಡುತ್ತೆ. ಗೊಚುಜಾಂಗ್ (ಅಲ್ಲಿನ ಹುದುಗಿಸಿದ ಮೆಣಸಿನ ಪೇಸ್ಟ್) ಸಿಕ್ಕರೆ 250 ಗ್ರಾಂ ತುಂಡುಗಳಿಗೆ ಎರಡು ದೊಡ್ಡ ಚಮಚ, ಸೋಯಾ ಸಾಸ್ ಒಂದು, ಸಕ್ಕರೆ ಒಂದು, ನೀರು ಎರಡು ಕಪ್. ಗೊಚುಜಾಂಗ್‌ನ ಹುದುಗಿದ ರುಚಿಗೆ ಬದಲಿ ಇಲ್ಲ, ಬ್ಯಾಡಗಿ ಪುಡಿ, ಬೆಲ್ಲ, ಸೋಯಾ ಸಾಸ್ ಸೇರಿಸಿದರೆ ಬಣ್ಣ ಬರುತ್ತೆ, ಆ ಹುಳಿ ಬರಲ್ಲ.

ಧಾರವಾಡ ಪೇಡೆ:
ಬ್ಯಾಡಗಿ ಅಂದ್ರಲ್ಲ, ಖುಷಿ ಆತ್ರಿ. ಆದ್ರ ಕಡ್ಡಿ ಬ್ಯಾಡಗಿ ತಗೋರಿ, ಡಬ್ಬಿಗಿಂತ ಸ್ವಲ್ಪ ಖಾರ ಇರತೈತಿ.

ಸಂಜೆಮಲ್ಲಿಗೆ:
ಮತ್ತೆ ವಿಷಯಕ್ಕೆ ಬರೋಣ. ಯಾರೂ ಜಪಾನಿನ 'ಹೊತಾರು ನೊ ಹಿಕಾರಿ' (2007, 10 ಕಂತು) ಹೆಸರೇ ಎತ್ತಲಿಲ್ಲ! ಆಫೀಸಿನಲ್ಲಿ ಅಚ್ಚುಕಟ್ಟು, ಮನೆಗೆ ಬಂದ ತಕ್ಷಣ ಹಳೇ ಜರ್ಸಿ, ತಲೆ ಮೇಲೆ ಜುಟ್ಟು, ಜಗಲಿಯಲ್ಲಿ ಬಿಯರ್ ಕ್ಯಾನ್, ಪಕ್ಕದಲ್ಲಿ ಬೆಕ್ಕು. ಅದೇ ಮನೆಗೆ ಅವಳ ಮೇಲಧಿಕಾರಿ ಬಂದು ಸೇರ್ತಾನೆ. ಕಥೆಯ ಮಟ್ಟಿಗೆ ಪ್ರಿಯಕರ ಬೇರೊಬ್ಬ, ಲಂಡನ್ನಿನಿಂದ ವಾಪಸ್ ಬಂದ ಚೆಂದದ ಹುಡುಗ. ಅವನ ಮುಂದೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರ್ತಾಳೆ. ಜಗಲಿಯಲ್ಲಿ ಮಾತ್ರ ಕಾಲು ಚಾಚ್ತಾಳೆ. ಯಾರ ಜೊತೆ ಸೇರಬೇಕು ಅನ್ನೋದನ್ನ ಆ ಬೆನ್ನೇ ಹೇಳಿಬಿಡುತ್ತೆ. ಹತ್ತು ಕಂತಿನಲ್ಲಿ ಆಯಸ್ಸು ತುಂಬಿದ ಕಥೆ.

ತಂತಿವಾದ್ಯ:
ಆದರೆ ಜಪಾನಿನವರ ಮುತ್ತಿನ ದೃಶ್ಯಗಳು! ಎಷ್ಟೋ ಸರಣಿಗಳಲ್ಲಿ ಇಬ್ಬರೂ ಕಂಬದ ಥರ ನಿಂತಿರ್ತಾರೆ. ಕೊರಿಯಾದಲ್ಲಿ 2010ರ ಈಚೆಗೆ ಅದು ಎಷ್ಟೋ ಸುಧಾರಿಸಿದೆ.

ಕುಡ್ಲದ ಗಾಳಿ:
ಈಗ ಜಪಾನ್, ಕೊರಿಯಾ ಎರಡು ಕಡೆಯವರೂ ಒಟ್ಟಾಗಿದ್ದಾರೆ ನೋಡಿ. ಟಿಬಿಎಸ್‌ನ 'ಐ ಲವ್ ಯೂ', 2024, ನಿಗೆಹಾಜಿ ಬಂದ ಅದೇ ಮಂಗಳವಾರ ರಾತ್ರಿ ಹತ್ತರ ಹೊತ್ತು, 10 ಕಂತು. ಐ ಅಂದರೆ ಕಣ್ಣು. ನಿಕಾಯ್ದೊ ಫುಮಿಯ ಪಾತ್ರಕ್ಕೆ ಯಾರ ಕಣ್ಣು ನೋಡಿದರೂ ಅವರ ಮನಸ್ಸಿನ ಮಾತು ಕೇಳ್ತದೆ. ಚೇ ಜಾಂಗ್-ಹ್ಯೊಪ್‌ನ ಹುಡುಗ ಕೊರಿಯಾದವ, ಅವನ ಮನಸ್ಸು ಕೊರಿಯನ್ ಭಾಷೆಯಲ್ಲಿ ಮಾತಾಡ್ತದೆ, ಅವಳಿಗೆ ಅರ್ಥವಾಗುವುದಿಲ್ಲ! ಜಪಾನಿನ ಪ್ರಸಾರದಲ್ಲಿ ಆ ಮಾತುಗಳಿಗೆ ಸಬ್‌ಟೈಟಲ್ ಕೂಡ ಹಾಕಲಿಲ್ಲ, ನೋಡುವವರೂ ಅವಳಷ್ಟೇ ಕತ್ತಲಲ್ಲಿ ಇರಲಿ ಅಂತ. ನೀವು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ನೋಡುವಾಗ ಆ ಸಾಲುಗಳು ಕಾಣಿಸಿದರೆ ಅರ್ಧ ಮಜಾ ಹೋಯ್ತು.

ಹೊಸ ಚಂದಾದಾರ:
ಅಮ್ಮನ ಜೊತೆ ಕೂತು ನೋಡೋಕೆ ಒಂದು ಹೇಳಿ. ಅಮ್ಮ ಕನ್ನಡ ಧಾರಾವಾಹಿ ಬಿಟ್ಟು ಬೇರೆ ನೋಡಿಲ್ಲ.

ಶರಾವತಿ:
'ಹೋಮ್‌ಟೌನ್ ಚಾ-ಚಾ-ಚಾ' (2021, 16 ಕಂತು). ಸಮುದ್ರ ದಂಡೆಯ ಹಳ್ಳಿ, ಹಲ್ಲಿನ ಡಾಕ್ಟರು, ಊರಿನ ಎಲ್ಲ ಕೆಲಸಕ್ಕೂ ಒದಗೋ ಹುಡುಗ, ಮೂವರು ಅಜ್ಜಿಯರು. ಅಮ್ಮನಿಗೆ ಪಾತ್ರಗಳ ಪರಿಚಯ ಬೇಗ ಆಗುತ್ತೆ. ಹದಿನೈದು-ಹದಿನಾರರಲ್ಲಿ ಅಜ್ಜಿಯೊಬ್ಬರ ಸಾವಿದೆ, ಮೊದಲೇ ತಿಳಿದಿರಲಿ.

ಕಾಗದದ ದೋಣಿ:
ನಾನಾದ್ರೆ ನಿಗೆಹಾಜಿ ಹಾಕ್ತೀನಿ. ಮನೆಗೆಲಸಕ್ಕೆ ಸಂಬಳ ಅನ್ನೋ ವಿಷಯಕ್ಕೆ ಅಮ್ಮಂದಿರ ಹತ್ತಿರ ಹೇಳೋಕೆ ತುಂಬ ಇರುತ್ತೆ. 46 ನಿಮಿಷ, ಒಂದು ಕಂತು ನೋಡಿ ಅಡುಗೆಗೆ ಏಳಬಹುದು.

ಮಳೆಬಿಲ್ಲು:
ಧಾರವಾಡ ಪೇಡೆ ಅವರಿಗೆ ಒಂದೇ ಪ್ರಶ್ನೆ. ಅಡ್ಡಿ ಗಟ್ಟಿ ಇದ್ದರೆ ಉದ್ದ ತೊಂದರೆ ಕೊಡಲ್ಲ ಅಂದ್ರಿ. ಒಪ್ಪೋಣ. ಹಾಗಾದರೆ ಗಡಿ, ಯುದ್ಧ, ರೋಗ ಯಾವುದೂ ಇಲ್ಲದೆ, ಬರೀ ಇಬ್ಬರ ಸ್ವಭಾವವನ್ನೇ ಅಡ್ಡಿಯಾಗಿಟ್ಟುಕೊಂಡು ಹದಿನಾರೂ ಕಂತು ಸೊರಗದೆ ನಿಂತ ಕೊರಿಯನ್ ಸರಣಿ ಒಂದು ಹೇಳಿ.

ಧಾರವಾಡ ಪೇಡೆ:
'ಅವರ್ ಬಿಲವೆಡ್ ಸಮ್ಮರ್', ಎಸ್‌ಬಿಎಸ್, 2021-22. ಹತ್ತು ವರ್ಷದ ಹಿಂದಿನ ಡಾಕ್ಯುಮೆಂಟರಿ, ಮುರುದ ಪ್ರೀತಿ, ಮತ್ತ ಅದೇ ಕ್ಯಾಮೆರಾ ಮುಂದ ಇಬ್ಬರೂ. ಖಳ ಇಲ್ಲ, ಹಣದ ಲಕೋಟಿ ಹಿಡದ ತಾಯಿ ಇಲ್ಲ. ಅಕಿ ಬಡತನದ ನಾಚಿಕಿ ಹೇಳಂಗಿಲ್ಲ, ಅಂವ ಕೇಳಂಗಿಲ್ಲ, ಅಷ್ಟ ಅಡ್ಡಿ. ನೋಡಿ ಬರ್ರಿ, ಆಮ್ಯಾಲೆ ಜಗಳ ಮುಂದುವರಿಸೋಣು.